ಮೂರನೆಯ ಪ್ರಶ್ನೆ

"ಅಕ್ಕಪಕ್ಕ ಮಲಗಿಸೇವಿ ಖರೆ, ಅಲ್ಲಿ ಇಬ್ಬರೂ ಒಂದ ಕಡೆ ಅದಾರೇನು?"

ಸುಗಂಧಿ ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲಲ್ಲಿ ಅವಳೊಬ್ಬಳೇ ಇದ್ದಳು. ಸ್ನಾನದ ತೊಟ್ಟಿಯ ಪಕ್ಕ ಮೊಣಕಾಲೂರಿ, ಬಳೆಗಳು ಮುಳುಗುವವರೆಗೆ ಕೈ ಇಳಿಬಿಟ್ಟು, ನೀರು ಎಷ್ಟು ಆರಿದೆ ಎಂದು ನೋಡುತ್ತಿದ್ದಳು.

ಮಲಗಿಸಿದ್ದು ಅವಳ ತಾಯಿ ಮಾರ್ಥವ್ವನನ್ನು ಮತ್ತು ಮಗಳು ಶೀತಲಳನ್ನು. ಗುಳೇದಗುಡ್ಡದ ಮಿಷನ್ ಸ್ಮಶಾನದಲ್ಲಿ, ಕಾಂಪೌಂಡ್ ಗೋಡೆಗೆ ಹತ್ತಿಕೊಂಡ ಬೇವಿನ ಗಿಡದ ಕೆಳಗೆ. ತಾಯಿ ಹೋಗಿ ಆರು ವರ್ಷವಾಗಿತ್ತು, ಮಗಳು ಹೋಗಿ ಆರು ತಿಂಗಳು.

"ಏನಮ್ಮ, ನನ್ನ ಕೂಗಿದ್ರಾ?" ಎಂದು ಹೊರಗಿನಿಂದ ರಾಜಮ್ಮ ಕೇಳಿದರು.

"ಇಲ್ರೀ ಆಂಟಿ. ನೀರು ಇನ್ನೂ ಬೆಚ್ಚಗೈತಿ."

"ಇರುತ್ತೆ ಬಿಡಿ. ನಿನ್ನೆ ಮಧ್ಯಾಹ್ನನೇ ತುಂಬಿಸಿಟ್ಟಿದೀನಿ, ಇನ್ನೂ ಆರಿಲ್ಲ. ಈ ಊರಲ್ಲಿ ನೀರಿಗೂ ಜ್ವರ. ನಿಮ್ಮ ಯಜಮಾನ್ರು ಐಸ್ ತರ್ತಾರಲ್ಲ?"

ಆಗಸ್ಟ್ ತಿಂಗಳು. ಕೊಲ್ಲಿ ದೇಶದ ಹವಲ್ಲಿ ಪೇಟೆಯ ಆ ಹಳೆಯ ಕಟ್ಟಡದ ಛಾವಣಿಯ ಟ್ಯಾಂಕುಗಳು ದಿನವಿಡೀ ಬಿಸಿಲಲ್ಲಿ ಕಾದು, ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿತ್ತು. ಬ್ರದರ್ ಎಬೆನೇಜರ್ ಅವರ ಸಭೆಯಲ್ಲಿ ಬೇಸಿಗೆಯಲ್ಲಿ ದೀಕ್ಷಾಸ್ನಾನ ಎಂದರೆ ಗುರುವಾರವೇ ತೊಟ್ಟಿ ತುಂಬಿಸಿ, ಆ ಮನೆಯವರು ಬೇರೆ ಕಡೆ ಸ್ನಾನಕ್ಕೆ ಹೋಗಿ, ಶುಕ್ರವಾರ ಬೆಳಗ್ಗೆ ಕೆಳಗಿನ ಬಕಾಲಾ ಎಂಬ ದಿನಸಿ ಅಂಗಡಿಯಿಂದ ನಾಲ್ಕು ಚೀಲ ಐಸ್ ತಂದು ಸುರಿಯಬೇಕು. ಸಿಟಿಯ ಚರ್ಚ್ ಕಾಂಪೌಂಡಿನಲ್ಲಿ ಮುಳುಗಿಸುವ ದೊಡ್ಡ ತೊಟ್ಟಿ ಇತ್ತು. ಆದರೆ ಅಲ್ಲಿ ಮಲಯಾಳಿ, ತೆಲುಗು, ತಮಿಳು, ಫಿಲಿಪಿನೋ, ಈಜಿಪ್ಟಿನವರೆಂದು ಹತ್ತಾರು ಸಭೆಗಳು ಗಂಟೆ ಹಂಚಿಕೊಂಡು ಪ್ರಾರ್ಥಿಸುತ್ತಿದ್ದವು. ಇಪ್ಪತ್ತೇಳು ಜನರ ಕನ್ನಡದ ಮನೆ-ಸಭೆಗೆ ಅದರಲ್ಲಿ ಪಾಳಿ ಸಿಗುವುದು ಕಷ್ಟ. ಹೀಗಾಗಿ ರಾಜಮ್ಮನ ಫ್ಲಾಟಿನ ಗುಲಾಬಿ ಬಣ್ಣದ ತೊಟ್ಟಿಯೇ ಅವರಿಗೆ ಯೇಸು ಮುಳುಗಿ ಎದ್ದ ಯೊರ್ದಾನ್ ಹೊಳೆ.

"ಆರಡಿ ಇರೋರು ಬಂದ್ರೆ ಬ್ರದರ್ ಎರಡು ಕಂತಲ್ಲಿ ಮುಳುಗಿಸಬೇಕಾಗುತ್ತೆ" ಎಂದು ರಾಜಮ್ಮ ಒಳಗೆ ಬಂದು ಟವೆಲ್‌ಗಳನ್ನು ಕೊಕ್ಕೆಗೆ ಹಾಕುತ್ತ ನಕ್ಕರು. "ನೀವು ಬಿಡಿ, ಹಿಡಿಯಷ್ಟಿದೀರ. ನಿಮ್ಮ ಮಗಳಿಗೇ ಸ್ವಲ್ಪ ಕಷ್ಟ ಆಯ್ತು. ಮೊಣಕಾಲು ಮಡಿಸ್ಕೊಂಡು..." ಅಷ್ಟಕ್ಕೆ ನಿಲ್ಲಿಸಿ, ಸುಗಂಧಿಯ ಬೆನ್ನ ಮೇಲೆ ಕೈಯಿಟ್ಟು, ಹೊರಗೆ ಹೋದರು.

ಶೀತಲ್ ಮುಳುಗಿದ್ದು ಇದೇ ತೊಟ್ಟಿಯಲ್ಲಿ, ಹೋದ ಡಿಸೆಂಬರಿನಲ್ಲಿ. ಹತ್ತೊಂಬತ್ತು ವರ್ಷದ ಹುಡುಗಿ, ಎಗೈಲಾದ ಮಾಲ್ ಒಂದರಲ್ಲಿ ಬಟ್ಟೆ ಅಂಗಡಿಯ ಕೆಲಸ. ಜೊತೆಯಲ್ಲಿ ಕೆಲಸ ಮಾಡುವವಳು ಒಮ್ಮೆ ಕರೆದಳೆಂದು ಬ್ರದರ್ ಎಬೆನೇಜರ್ ಅವರ ಪ್ರಾರ್ಥನೆಗೆ ಹೋದವಳು ಪ್ರತಿ ವಾರ ಹೋಗತೊಡಗಿದಳು. ಸುಗಂಧಿಗೆ ಅದು ಹಿಡಿಸಲಿಲ್ಲ. ಅವರು ಮಿಷನ್ ಸಭೆಯವರು. ಮಾರ್ಥವ್ವನ ಕಾಲದಿಂದ ಕೂಸಿಗೆ ನಲವತ್ತು ದಿನ ತುಂಬಿದ ಮೇಲೆ ಪಾದ್ರಿ ಅಯ್ಯನವರು ಹಣೆಗೆ ಮೂರು ಸಲ ನೀರು ಚಿಮುಕಿಸುತ್ತಿದ್ದರು. ದೊಡ್ಡವರಾದ ಮೇಲೆ ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಿ ದೃಢೀಕರಣ. ಆಮೇಲೆ ಕರ್ತನ ಮೇಜಿನ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲು. ಎಬೆನೇಜರ್ ಅವರ ಸಭೆಯವರ ನಂಬಿಕೆಯಲ್ಲಿ ಕೂಸಿಗೆ ಚಿಮುಕಿಸಿದ್ದು ಲೆಕ್ಕಕ್ಕಿಲ್ಲ. ತಿಳಿವಳಿಕೆ ಬಂದವರು ತಾವಾಗಿ ನಂಬಿ, ಪೂರ್ತಿ ಮುಳುಗಿ ಏಳಬೇಕು.

ಆ ಶುಕ್ರವಾರ ಮಧ್ಯಾಹ್ನ ಶೀತಲ್ ಒದ್ದೆ ಕೂದಲು ಬಿಟ್ಟುಕೊಂಡು ಮನೆಗೆ ಬಂದಳು. ಮುಖ ಏನೋ ಗೆದ್ದವರ ಹಾಗೆ ಹೊಳೆಯುತ್ತಿತ್ತು. ಸುಗಂಧಿ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಅಂದಳು: "ಸೋಪರ ಹಚ್ಚಿಕೊಂಡ್ಯೋ ಇಲ್ಲೊ? ಮನ್ಯಾಗೂ ಬಚ್ಚಲ ಇತ್ತಲ್ಲ."

ಗಂಡ ಕರುಣಾಕರ ಸೋಫಾದ ಮೇಲೆ ಕೂತು ಗಟ್ಟಿಯಾಗಿ ನಕ್ಕ. ಮಗಳು ನಗಲಿಲ್ಲ.

"ಮಮ್ಮಿ, ಡೋಂಟ್ ಜೋಕ್. ಐ ವಾಂಟ್ ಟು ಸೀ ಯು ದೇರ್. ನೀ ಇದನ್ನ ಮಾಡ್ಲಿಲ್ಲಂದ್ರ ಹೌ ವಿಲ್ ಐ ಸೀ ಯು?"

"ಬಾಯಿ ಮುಚ್ಚು. ಮದ್ಲ ತಲಿ ಒರಸ್ಕೊ."

ಅದರ ಮೇಲೆ ಆ ಮಾತು ಮನೆಯಲ್ಲಿ ಬರಲಿಲ್ಲ. ಫೆಬ್ರವರಿಯ ಒಂದು ಸಂಜೆ ಎಗೈಲಾದಿಂದ ಬರುತ್ತಿದ್ದ ಕಂಪನಿಯ ವ್ಯಾನು ಹೈವೇಯಲ್ಲಿ ಮಗುಚಿತು. ಒಳಗಿದ್ದ ಒಂಬತ್ತು ಜನರಲ್ಲಿ ಎಂಟು ಜನ ಬದುಕಿದರು.

ದುಃಖದ ಮನೆಗೆ ಎಲ್ಲ ಸಭೆಯವರೂ ಬಂದರು. ಎಬೆನೇಜರ್ ಅವರೂ ಬಂದರು. ಕೋಲಾರದ ಚಿನ್ನದ ಗಣಿಯ ಕಡೆಯವರು, ಲಿಫ್ಟ್ ರಿಪೇರಿ ಕೆಲಸ, ಇನ್ನೂ ಯೂನಿಫಾರ್ಮಿನಲ್ಲೇ ಇದ್ದರು. ಚಾಪೆಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. "ಶೀತಲ್ ಬಗ್ಗೆ ನನಗೆ ಒಂದು ಚೂರೂ ಸಂಶಯ ಇಲ್ಲ ಅಕ್ಕ. ಅವಳು ಸೇರೋ ಕಡೆ ಸೇರಿದ್ದಾಳೆ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಸುಗಂಧಿಗೆ ಅದರ ಇನ್ನೊಂದು ಪಕ್ಕವೂ ಕೇಳಿಸಿತು. ಸಂಶಯವಿರುವ ಜನರೂ ಇದ್ದಾರೆ, ಅವರ ಸಾಲಿನಲ್ಲಿ ತಾನೂ ಕೂತಿದ್ದೇನೆ. ಮಗಳು ಅಲ್ಲಿ ಬಾಗಿಲ ಕಡೆ ನೋಡುತ್ತ ನಿಂತಿದ್ದಾಳೆ, ತಲೆ ಒರೆಸಿಕೊಳ್ಳೆಂದು ಗದರಿದ ತಾಯಿ ಬರುವುದೇ ಇಲ್ಲ.

ಈ ಚಿತ್ರ ಅವಳನ್ನು ಬಿಡಲಿಲ್ಲ. ಟೈಲರಿಂಗ್ ಅಂಗಡಿಯಲ್ಲಿ ಮಷೀನ್ ತುಳಿಯುವಾಗ, ಬಸ್ಸಿನಲ್ಲಿ ನಿಂತಿರುವಾಗ, ಅನ್ನಕ್ಕೆ ಕೈಯಿಡುವಾಗ ಬಂದು ನಿಲ್ಲುತ್ತಿತ್ತು. ಅಂತೂ ಜೂನ್ ತಿಂಗಳಲ್ಲಿ ಅವಳು ಮೂರು ಜನರನ್ನು ಕೇಳಿದಳು.

ಮೊದಲು ಕೇಳಿದ್ದು ತಮ್ಮ ಸಭೆಯ ಅಯ್ಯನವರನ್ನು. ಅವರು ಧಾರವಾಡದ ಕಡೆಯವರು, ಮಾತು ಕಡಿಮೆ. "ದೇವರು ಒಮ್ಮೆ ಮಾಡಿದ್ದನ್ನ ತಿರುಗಿ ಮಾಡು ಅಂತ ಕೇಳಿದ್ರ, ಮೊದಲನೇ ಸಲ ಆತ ಸುಳ್ಳು ಹೇಳಿದ್ದ ಅಂದಂಗಾತು" ಎಂದರು. "ನಿನ್ನ ಸಂಕಟ ನನಗ ತಿಳೀತದ ತಂಗಿ. ಆದ್ರ ಎರಡನೇ ಸಲ ಮುಳುಗಿ ಬಂದ್ರ ನಮ್ಮ ಮೇಜಿನ್ಯಾಗ ನಿನಗ ಜಾಗ ಇರೂದಿಲ್ಲ. ಇದನ್ನ ಈಗ ಹೇಳಿಬಿಡ್ತೀನಿ."

ಎರಡನೆಯವನು ಕರುಣಾಕರನ ಜೊತೆ ಕೆಲಸ ಮಾಡುವ ರೊನಾಲ್ಡ್, ಮಂಗಳೂರಿನ ಕ್ಯಾಥೊಲಿಕ್. ಮೆಟ್ಟಿಲಲ್ಲಿ ಸಿಕ್ಕವನನ್ನು ನಿಲ್ಲಿಸಿ ಕೇಳಿದಳು. ಅವನು ತರಕಾರಿ ಚೀಲ ಕೆಳಗಿಟ್ಟು ತಲೆ ಕೆರೆದುಕೊಂಡ.

"ನಮ್ಮ ಪಾದ್ರಿಗಳು ನಿಮ್ಮ ಮಿಷನ್‌ನವರ ನೀರನ್ನು ಒಪ್ತಾರೆ ಮಾರಾಯ್ರೆ. ನಿಮ್ಮ ರೊಟ್ಟಿಯನ್ನು ಒಪ್ಪುದಿಲ್ಲ ಅಷ್ಟೆ. ಆ ಬ್ರದರ್ ರೊಟ್ಟಿ ಒಪ್ತಾರೆ, ನೀರು ಒಪ್ಪುದಿಲ್ಲ. ಒಟ್ಟಿನಲ್ಲಿ ಒಂದು ಊಟ ಪೂರ್ತಿ ಆಗ್ಬೇಕಾದ್ರೆ ಮೂರು ಮನೆ ತಿರುಗ್ಬೇಕು."

ಅವಳು ನಗಲಿಲ್ಲ. ಅವನು ಮುಜುಗರಪಟ್ಟುಕೊಂಡು ದನಿ ತಗ್ಗಿಸಿದ. "ಎಂತ ಹೇಳುದು ಬಾಯಿಯವರೆ. ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಆ ಕಳ್ಳನಿಗೆ ಯಾರು ನೀರು ಹಾಕಿದ್ರು? ಅವನೇ ಮೊದಲು ಸ್ವರ್ಗದೊಳಗೆ ಹೋದ್ದಲ್ವಾ."

ಒಂದು ವಾರ ಅವಳು ಆ ಕಳ್ಳನನ್ನು ಹಿಡಿದುಕೊಂಡು ಬದುಕಿದಳು. ಆಮೇಲೆ ಮನಸ್ಸು ಮತ್ತೆ ಕುಸಿಯಿತು. ಕಳ್ಳನಿಗೆ ಸಮಯವಿರಲಿಲ್ಲ. ತನಗೆ ಸಮಯವಿತ್ತು, ಕರೆಯುವ ಮಗಳೂ ಇದ್ದಳು, ತಾನು ಸೋಪಿನ ಮಾತಾಡಿದೆ.

ಮೂರನೆಯದಾಗಿ ಎಬೆನೇಜರ್ ಅವರನ್ನೇ ಕೇಳಿದಳು. ಅವರು "ನೀರು ಯಾರನ್ನೂ ರಕ್ಷಿಸಲ್ಲ ಅಕ್ಕ, ರಕ್ಷಿಸೋನು ಅವನು. ಆದ್ರೆ ಅವನು ಇಳಿ ಅಂದಾಗ ಇಳಿಯೋದು ವಿಧೇಯತೆ. ಗೊತ್ತಿದ್ದೂ ಇಳೀದೆ ಇದ್ರೆ, ನಾನು ಧೈರ್ಯ ಹೇಳೋಕಾಗಲ್ಲ" ಎಂದರು.

"ಹಂಗಾರ ಇಳೀತೀನ್ರಿ" ಎಂದಳು ಸುಗಂಧಿ.

ನಾಲ್ಕು ಪಾಠಗಳಿದ್ದವು. ಮೊದಲನೆಯ ದಿನವೇ ಒಂದು ಹಾಳೆ ಕೊಟ್ಟರು. ನೀರಿನಲ್ಲಿ ಕೂತಾಗ ಕೇಳುವ ಮೂರು ಪ್ರಶ್ನೆ, ಅವಕ್ಕೆ ಹೇಳಬೇಕಾದ ಮೂರು ಉತ್ತರ. ಮೂರನೆಯದು ಹಳೆಯ ಸಭೆಗಳಿಂದ ಬರುವವರಿಗೆ ಮಾತ್ರ. ಸುಗಂಧಿ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಮೂರನ್ನೂ ಬಾಯಿಪಾಠ ಮಾಡಿ ಮುಗಿಸಿದ್ದಳು. ಮುಂದಿನ ಪಾಠದಲ್ಲಿ ಹಾಳೆ ನೋಡದೆ ಗಡಗಡ ಒಪ್ಪಿಸಿದಾಗ ಎಬೆನೇಜರ್ ಬೆರಗಾದರು. ಉಳಿದವರು ತಿಂಗಳುಗಟ್ಟಲೆ ತಡವರಿಸುತ್ತಿದ್ದರು.

ಅದು ಮಾರ್ಥವ್ವ ಕಲಿಸಿದ ವಿದ್ಯೆ. ಗುಳೇದಗುಡ್ಡದ ಮನೆಯಲ್ಲಿ ಮಾರ್ಥವ್ವ ಕುಣಿಮಗ್ಗದಲ್ಲಿ ಕೂತು ಕುಪ್ಪಸದ ಖಣ ನೇಯುತ್ತಿದ್ದಳು. ಓದು ಬಾರದವಳು. ಬೈಬಲಿನ ವಚನಗಳನ್ನೆಲ್ಲ ಕಿವಿಯಿಂದ ಕಲಿತವಳು. ಲಾಳಿ ಆ ಕಡೆಗೆ ಹೋದಾಗ ಅರ್ಧ ವಚನ, ಈ ಕಡೆಗೆ ಬಂದಾಗ ಉಳಿದರ್ಧ. ಪಕ್ಕದಲ್ಲಿ ಕಂಡಿಗೆಗೆ ನೂಲು ಸುತ್ತುತ್ತ ಸುಗಂಧಿ ಹಿಂದಿನಿಂದ ಹೇಳಬೇಕು. "ಅರ್ಥ ಏನವ್ವಾ?" ಎಂದು ಕೇಳಿದರೆ ಮಾರ್ಥವ್ವ ಲಾಳಿ ನಿಲ್ಲಿಸದೆ ಅನ್ನುತ್ತಿದ್ದಳು: "ಮದ್ಲ ಬಾಯಾಗ ಬರ್ಲಿ. ಅರ್ಥ ತನಗ ಬೇಕಾದಾಗ ತಾನ ಬರತೈತಿ."

ಬಂದದ್ದೂ ಹಾಗೆಯೇ. ದೇವರೇ ನನಗೆ ಕುರುಬ ಎಂಬ ಕೀರ್ತನೆಯ ಅರ್ಥ ಸುಗಂಧಿಗೆ ಬಂದದ್ದು ಕಲಿತು ಹದಿನೆಂಟು ವರ್ಷದ ಮೇಲೆ, ಮುಂಬೈ ವಿಮಾನ ನಿಲ್ದಾಣದಲ್ಲಿ ಕೂಸು ಶೀತಲಳನ್ನು ಎತ್ತಿಕೊಂಡು ಒಬ್ಬಳೇ ಸಾಲಿನಲ್ಲಿ ನಿಂತಿದ್ದಾಗ.

ಮಾರ್ಥವ್ವ ಹುಟ್ಟಿದ್ದು ಆ ಸಭೆಯಲ್ಲಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ತಾನಾಗಿ ಬಂದವಳು. ತವರುಮನೆ ಬಾಗಿಲು ಹಾಕಿತು. ನೂಲು ಕೊಡುವ ಸಾಹುಕಾರ ಏಳು ತಿಂಗಳು ನೂಲು ಕೊಡಲಿಲ್ಲ. ಆ ಏಳು ತಿಂಗಳು ಬರಿಮಗ್ಗದಲ್ಲಿ ಕೂತು ವಚನ ಹೇಳುತ್ತಿದ್ದಳಂತೆ, ಕಾಲು ಮಾತ್ರ ತುಳಿಯುತ್ತಿತ್ತಂತೆ. ಕೊನೆಯ ವರ್ಷ ಅವಳಿಗೆ ಎಲ್ಲ ಮರೆಯಿತು. ಸುಗಂಧಿ ರಜೆಗೆ ಹೋದಾಗ "ಯಾರವ್ವ ನೀ, ಯಾರ ಮನಿಯಾಕಿ?" ಎಂದು ಕೇಳಿದಳು. ಆದರೆ ಯಾವುದಾದರೂ ವಚನದ ಮೊದಲನೆಯ ಶಬ್ದ ಹೇಳಿದರೆ ಸಾಕು, ಉಳಿದದ್ದನ್ನು ಪೂರ್ತಿ ಮಾಡುತ್ತಿದ್ದಳು.

ಹಾಳೆಯ ಮೂರನೆಯ ಉತ್ತರವೂ ಸುಗಂಧಿಯ ಬಾಯಿಗೆ ಬಂದಿತ್ತು. ಅರ್ಥ ಬಂದಿರಲಿಲ್ಲ.

ಕರುಣಾಕರ ಐಸಿನ ಚೀಲಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಬೆವರಿಳಿಸುತ್ತ ಬಂದ. ಶರ್ಟು ಒಂದು ಕಡೆ ಬೆವರಿಗೆ, ಒಂದು ಕಡೆ ಐಸಿಗೆ ನೆನೆದಿತ್ತು.

"ಬಕಾಲಾದಂವ ಕೇಳಿದ, ಭಾಯಿ, ಶಾದಿ ಹೈ ಕ್ಯಾ ಅಂತ. ಏನ್ ಹೇಳ್ಲಿ? ಹೆಂಡ್ತೀನ ಫ್ರಿಜ್‌ನ್ಯಾಗ ಇಡಾಕತ್ತೀನಿ ಅಂದೆ."

"ಸುಮ್ನಿರ್ರಿ" ಎಂದಳು ಸುಗಂಧಿ.

ಅವನು ಚೀಲ ಒಡೆದು ಐಸನ್ನು ತೊಟ್ಟಿಗೆ ಸುರಿದ. ಮಗಳು ಹೋದ ಮೇಲೆ ಅವನು ಯಾವ ಪ್ರಾರ್ಥನೆಗೂ ಹೋಗಿರಲಿಲ್ಲ. "ನೀ ಎಲ್ಲರ ಮುಳುಗು, ಎಲ್ಲರ ಏಳು. ನನ್ನ ಮಾತ್ರ ಕರೀಬ್ಯಾಡ" ಎಂದಿದ್ದ. ಆದರೂ ಇವತ್ತು ಕಾರಿನಲ್ಲಿ ಕೂತು ಕಾಯದೆ ನಾಲ್ಕು ಮಹಡಿ ಹತ್ತಿ ಬಂದಿದ್ದ. ಖಾಲಿ ಚೀಲಗಳನ್ನು ಮಡಿಸಿ ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

ಹತ್ತು ಗಂಟೆಗೆ ಸಭೆಯವರು ಬಂದರು. ಬಚ್ಚಲಲ್ಲಿ ಮೂರು ಜನರಿಗಿಂತ ಹೆಚ್ಚು ನಿಲ್ಲುವಂತಿರಲಿಲ್ಲ. ಉಳಿದವರು ಕೋಣೆಗಳ ನಡುವಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ನಿಂತು ಮೆಲ್ಲನೆ ಹಾಡತೊಡಗಿದರು. ಕರುಣಾಕರ ಬಾಗಿಲ ಹೊರಗೆ ವಾಷಿಂಗ್ ಮಷೀನಿಗೆ ಒರಗಿದ. ರಾಜಮ್ಮ ಸುಗಂಧಿಗೆ ಬಿಳಿಯ ನಿಲುವಂಗಿ ತೊಡಿಸಿದರು. ಸಭೆಯ ಹೆಂಗಸರಿಗೆಲ್ಲ ಅದೊಂದೇ ಅಂಗಿ. ಸುಗಂಧಿಯ ಹಿಮ್ಮಡಿಯ ಕೆಳಗೆ ಅದು ನೆಲದ ಮೇಲೆ ಎಳೆದಾಡುತ್ತಿತ್ತು. ಬಗ್ಗಿ ನೋಡಿದಳು. ಅಂಚಿನ ಮಡಿಕೆ ಬಿಚ್ಚಿ, ಬೇರೆ ಬಣ್ಣದ ದಾರದಲ್ಲಿ ಮತ್ತೆ ಹೊಲಿದಿದ್ದರು. ಹೊಲಿಗೆಯವಳ ಕಣ್ಣು, ಯಾರ ಎತ್ತರಕ್ಕೆ ಉದ್ದ ಮಾಡಿದ್ದೆಂದು ಕೇಳಬೇಕಾಗಲಿಲ್ಲ. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಗಳ ಕೈ ಹಿಡಿದ ಹಾಗೆ ಹಿಡಿದು, ನೀರಿಗಿಳಿದಳು.

ನೀರಿನ ಮೇಲುಭಾಗ ತಣ್ಣಗೆ, ತಳದಲ್ಲಿ ಇನ್ನೂ ನಿನ್ನೆಯ ಬಿಸಿ. ಕೂತಾಗ ಸೊಂಟದವರೆಗೆ ಬಂತು. ಕರಗದೆ ಉಳಿದ ಐಸಿನ ತುಂಡುಗಳು ಮೊಣಕಾಲಿಗೆ ಬಡಿದು ಹಿಂದೆ ಸರಿಯುತ್ತಿದ್ದವು. ಎಬೆನೇಜರ್ ಶರ್ಟಿನ ತೋಳು ಮಡಿಸಿಕೊಂಡು ತೊಟ್ಟಿಯ ಪಕ್ಕ ಮೊಣಕಾಲೂರಿದರು. ಹಾಡು ನಿಂತಿತು.

"ಸುಗಂಧಿ ಅಕ್ಕ, ಯೇಸುವನ್ನ ನಿಮ್ಮ ಸ್ವಂತ ರಕ್ಷಕ ಅಂತ ನಂಬ್ತೀರಾ?"

"ಪೂರ್ಣ ಹೃದಯದಿಂದ ನಂಬುತ್ತೇನೆ. ಆತನ ಹೊರತು ನನಗೆ ಬೇರೆ ಆಶ್ರಯವಿಲ್ಲ." ಹಾಳೆಯ ಮಾತು. ಆದರೆ ಹೇಳುವಾಗ ಅದು ನಿಜವಾಗಿತ್ತು.

"ಪಾಪದ ಹಳೆಯ ದಾರಿ ಬಿಟ್ಟು ಅವನ ಹಿಂದೆ ಹೋಗ್ತೀರಾ?"

"ಆತನು ಬಲ ಕೊಟ್ಟಷ್ಟು ದಿನ, ಕೊನೆಯ ಉಸಿರಿನವರೆಗೆ ಹೋಗುತ್ತೇನೆ."

"ಚಿಕ್ಕಂದಿನಲ್ಲಿ ನಿಮಗಾದದ್ದರ ಬಗ್ಗೆ ಏನು ಹೇಳ್ತೀರಾ?"

"ಇಂದಿನವರೆಗೆ ನನಗಾದದ್ದು ದೀಕ್ಷಾಸ್ನಾನವಲ್ಲ. ಅದನ್ನು ಕೊಟ್ಟವರೂ ಕೊಡಿಸಿ..."

ನಿಂತಳು.

ಓಣಿಯಲ್ಲಿ ಯಾರೋ ಕೆಮ್ಮಿದರು. ಎಬೆನೇಜರ್ ಮುಗುಳ್ನಕ್ಕು, "ಮರೆತು ಹೋಯ್ತಾ ಅಕ್ಕ? ನೀರಿಗಿಳಿದ ತಕ್ಷಣ ಎಲ್ಲರಿಗೂ ಹಾಗಾಗುತ್ತೆ. ನಾನು ಹೇಳ್ತೀನಿ, ಹಿಂದೇನೇ ಹೇಳಿ. 'ಕೊಟ್ಟವರೂ ಕೊಡಿಸಿದವರೂ ಸತ್ಯವನ್ನು ಅರಿಯದವರು. ಆ ಕತ್ತಲೆಯನ್ನು ಬಿಟ್ಟು ಬಂದಿದ್ದೇನೆ.'"

ಸುಗಂಧಿ ಹುಟ್ಟಿದಾಗಿನಿಂದ ಬಾಯಿಪಾಠ ಮಾಡಿದ ಒಂದು ಸಾಲನ್ನೂ ಮರೆತವಳಲ್ಲ.

"ಮರ್ತಿಲ್ರಿ ಬ್ರದರ್" ಎಂದಳು. "ಕೊಡಿಸಿದವರು ಅಂದ್ರ ಯಾರ್ರೀ?"

"ಅಂದ್ರೆ... ಮಗೂಗೆ ತಾನಾಗಿ ಕೇಳೋಕಾಗಲ್ವಲ್ಲ. ಅಪ್ಪ ಅಮ್ಮನೇ ತಾನೇ ಕೊಡಿಸೋದು."

"ನಮ್ಮಪ್ಪ ನಾ ಹೊಟ್ಟ್ಯಾಗಿದ್ದಾಗ ಹೋದ. ಕೊಡಿಸಿದಾಕಿ ನಮ್ಮವ್ವ." ಅವಳು ತೊಟ್ಟಿಯ ಎರಡೂ ಅಂಚು ಹಿಡಿದುಕೊಂಡಳು. "ನಮ್ಮವ್ವ ಸತ್ಯ ಅರಿಯದಾಕಿ ಏನ್ರಿ?"

"ಇದು ಅವರ ಮೇಲೆ ತೀರ್ಪಲ್ಲ ಅಕ್ಕ. ತೀರ್ಪು ದೇವರದು."

"ಹಾಳ್ಯಾಗ ಬರದೈತಲ್ರಿ. ಸತ್ಯ ಅರಿಯದೋರು ಎಲ್ಲಿ ಹೋಗ್ತಾರ ಅಂತ ಎರಡನೇ ಪಾಠದಾಗ ನೀವ ಹೇಳಿದ್ರಿ. ನಾ ಅದನ್ನೂ ಮರ್ತಿಲ್ಲ."

ಎಬೆನೇಜರ್ ಮಾತು ತಿರುಗಿಸುವ ಮನುಷ್ಯನಾಗಿದ್ದರೆ ಏನಾದರೂ ಹೇಳಬಹುದಿತ್ತು. ಅವರು ತಲೆ ತಗ್ಗಿಸಿ ನೀರನ್ನೇ ನೋಡಿದರು.

ರಾಜಮ್ಮ ಬಗ್ಗಿ ಕಿವಿಯಲ್ಲಿ ಅಂದರು: "ಬಾಯಲ್ಲಿ ಅಂದುಬಿಡು ತಾಯಿ. ಒಂದು ನಿಮಿಷದ ಮಾತು. ಮನಸ್ಸಲ್ಲಿ ನಿಮ್ಮಮ್ಮನ್ನ ಎಲ್ಲಾದ್ರೂ ಇಟ್ಕೋ, ಯಾರು ನೋಡ್ತಾರೆ?"

"ಆಂಟಿ, ನನ್ನ ಬಾಯಾಗ ಹೋದದ್ದು ಹೊರಗ ಹೋಗಂಗಿಲ್ಲ. ನಾಳೆ ನನಗೂ ಎಲ್ಲಾ ಮರ್ತರ, ಇದೊಂದ ಉಳದರ? ನನ್ನ ಅವ್ವ ಕತ್ತಲ್ಯಾಗ ಅದಾಳ ಅಂತ ಹಾದಿಬೀದ್ಯಾಗ ಅನಕೋತ ಕೂಡ್ಲೇನ್ರಿ?"

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಕೇಳಬಾರದೆಂದು ತುಟಿ ಕಚ್ಚಿ ಹಿಡಿದು, ಆದರೂ ಕೇಳಿದಳು.

"ಶೀತಲ್ ಇದನ್ನ ಹೇಳಿದಳೇನ್ರಿ? ಅಕಿನ್ನ ಚರ್ಚಿಗೆ ಎತ್ತಿಕೊಂಡು ಹೋದಾಕಿನೂ ನಮ್ಮವ್ವನ."

"ಹೇಳಿದಳು" ಎಂದರು ಎಬೆನೇಜರ್.

"ನಿಲ್ಲದ?"

"ಇಂಗ್ಲಿಷಲ್ಲಿ ಹೇಳಿದ್ಲಮ್ಮ" ಎಂದು ರಾಜಮ್ಮ ನಡುವೆ ಬಂದರು, ಇಂಗ್ಲಿಷಿನಲ್ಲಿ ಅದರ ಭಾರ ಕಡಿಮೆ ಎಂಬಂತೆ.

ಎಬೆನೇಜರ್ ಅಂದರು: "ನಿಲ್ಲದೆ."

ಸುಗಂಧಿಗೆ ಮಗಳ ಮೇಲೆ ಸಿಟ್ಟು ಬರಲಿಲ್ಲ. ಅಜ್ಜಿ ಎಂದರೆ ಅವಳಿಗೆ ಎರಡು ವರ್ಷಕ್ಕೊಮ್ಮೆ ನೋಡುವ, ಗಂಜಿ ಹಾಕಿದ ನೂಲಿನ ವಾಸನೆಯ, ತನ್ನ ಹೆಸರು ತಪ್ಪಾಗಿ ಕರೆಯುವ ಒಬ್ಬ ಮುದುಕಿ. ಮಗಳು ಬಿಟ್ಟುಹೋದದ್ದು ಅವಳಿಗೆ ಹಗುರವಾದ ಗಂಟು. ಅದೇ ಗಂಟು ಈಗ ಸುಗಂಧಿಯ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟರೆ ಮಗಳ ಕಡೆಗೆ ಹೋಗಬಹುದು. ಹಿಡಿದುಕೊಂಡರೆ ಬಾಗಿಲಾಚೆ ಉಳಿಯಬೇಕು.

"ಬ್ರದರ್, ಎರಡಕ್ಕ ಉತ್ತರ ಕೊಟ್ಟೀನಲ್ರಿ" ಎಂದಳು. ಹಲ್ಲು ಕಟಕಟಿಸುತ್ತಿದ್ದವು, ಕೆಳಗಿನ ಬಿಸಿಯೂ ಆರಿತ್ತು. "ಅವು ನನ್ನ ಎದಿಯೊಳಗಿಂದ ಬಂದಾವ್ರಿ. ಮೂರನೇದು ಬಿಡ್ರಿ. ಹಂಗ ಮುಳುಗಿಸ್ರಿ. ನಿಮ್ಮ ಕಾಲ ಬೀಳ್ತೀನಿ."

ಎಬೆನೇಜರ್ ಅವರ ಕಣ್ಣು ತುಂಬಿ ಬಂತು. "ಅಕ್ಕ, ನಮ್ಮಪ್ಪ ಗಣಿಯಲ್ಲಿ ಸತ್ತರು. ಅವರೂ ಚಿಮುಕಿಸಿಕೊಂಡವರೇ, ನನಗೂ ಅವರೇ ಕೊಡಿಸಿದ್ದು. ಹದಿನಾಲ್ಕು ವರ್ಷದ ಹಿಂದೆ ನೀರಲ್ಲಿ ಕೂತು ಈ ಮಾತು ಹೇಳಿದೀನಿ ನಾನು. ಹೇಳಿದ ದಿನದಿಂದ ಅವರ ಫೋಟೋಗೆ ಮುಖ ಕೊಟ್ಟು ನೋಡಿಲ್ಲ. ಇವತ್ತು ನಿಮಗೆ ಬಿಟ್ಟುಕೊಟ್ರೆ, ನಾನ್ಯಾಕೆ ಹೇಳಿದೆ? ಯಾರಿಗೋಸ್ಕರ ಹೇಳಿದೆ?"



ಸುಗಂಧಿ ಇದ್ದಕ್ಕಿದ್ದಂತೆ ತೊಟ್ಟಿಯ ಅಂಚಿನಿಂದ ಕೈ ಬಿಟ್ಟಳು. ಮೂಗು ಹಿಡಿದುಕೊಳ್ಳಲೂ ಇಲ್ಲ. ಹಿಂದಕ್ಕೆ ಬಿದ್ದು, ತಲೆ, ಮುಖ, ಎದೆ ಪೂರ್ತಿ ಒಳಗೆ ಹೋದಳು. ನೀರು ಉಕ್ಕಿ ನೆಲಕ್ಕೆ ಚೆಲ್ಲಿತು, ಎಬೆನೇಜರ್ ಅವರ ಮೊಣಕಾಲು ತೊಯ್ದಿತು. ನೀರಿನೊಳಗೆ ಐಸಿನ ತುಂಡುಗಳು ಒಂದಕ್ಕೊಂದು ತಾಗುವ ಸಣ್ಣ ಸದ್ದು ಅವಳಿಗೆ ಕೇಳಿಸಿತು. ಎಷ್ಟು ಹೊತ್ತು ತಡೆಯಲು ಸಾಧ್ಯವೋ ಅಷ್ಟು ಹೊತ್ತು ಇದ್ದಳು. ರಾಜಮ್ಮ ಕೂಗಿಕೊಂಡು ತೋಳು ಹಿಡಿದೆಳೆದಾಗ ಏದುಸಿರು ಬಿಡುತ್ತ ಎದ್ದಳು. ಕೂದಲು ಮುಖಕ್ಕೆ ಅಂಟಿತ್ತು.

"ಆತೇನ್ರಿ?" ಎಂದು ಕೇಳಿದಳು. "ಬ್ರದರ್, ಆತೇನ್ರಿ? ಪೂರ್ತಿ ಮುಳುಗಿದ್ದೆ. ನೋಡಿದ್ರಲ್ಲ?"

"ಅದು ಬರೀ ಸ್ನಾನ ಅಕ್ಕ" ಎಂದರು ಎಬೆನೇಜರ್, ಕೇಳಿಸದಷ್ಟು ಮೆಲ್ಲಗೆ.

ಓಣಿಯಲ್ಲಿದ್ದವರನ್ನು ಸರಿಸಿಕೊಂಡು ಕರುಣಾಕರ ಒಳಗೆ ಬಂದ. ಐಸಿನ ಖಾಲಿ ಚೀಲಗಳು ಇನ್ನೂ ಅವನ ಕೈಯಲ್ಲೇ ಇದ್ದವು. ಆರು ತಿಂಗಳಿಂದ ದೇವರ ಮಾತೆತ್ತಿದರೆ ಎದ್ದು ಹೋಗುತ್ತಿದ್ದವನು, ಚೆಲ್ಲಿದ ನೀರಿನಲ್ಲಿ ಬೂಟುಗಾಲಲ್ಲೇ ಕುಸಿದು ಕೂತು ಹೆಂಡತಿಯ ಒದ್ದೆ ಮುಂಗೈ ಹಿಡಿದುಕೊಂಡ.

"ಸುಗಂಧಿ, ಹೇಳಿಬಿಡು" ಎಂದ. "ನಿಮ್ಮವ್ವ ಶ್ಯಾಣ್ಯಾಕಿ, ಬೇಜಾರ ಮಾಡ್ಕೊಳಂಗಿಲ್ಲ. ಆಕಿಗೆ ದೇವರು ಗೊತ್ತು, ದೇವರಿಗೆ ಆಕಿ ಗೊತ್ತು. ನಮ್ಮ ಹುಡುಗಿ ಸಣ್ಣದು. ಅಕಿಗೆ ಅಲ್ಲಿ ಯಾರೂ ಇಲ್ಲ. ನಮ್ಮಿಬ್ಬರಾಗ ಒಬ್ಬರರ ಅಕಿ ಹಂತ್ಯಾಕ ಹೋಗಬೇಕಲ್ಲ? ನನಗ ನಂಬಾಕ ಆಗವಲ್ದು. ನಾ ಹೋಗಂಗಿಲ್ಲ, ನನಗ ಗೊತ್ತೈತಿ. ನಿನಗ ಬರತೈತಿ. ಒಂದ ಸಾಲು. ನಾ ನಿನಗ ಈತನಕ ಏನೂ ಕೇಳಿಲ್ಲ. ನನ್ನ ಸಲುವಾಗಿ ಹೇಳು."

ಸುಗಂಧಿ ತನ್ನ ಇನ್ನೊಂದು ಕೈಯಿಂದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಲ್ರಿ" ಎಂದಳು. "ನಾ ಹೇಳೂದಿಲ್ಲ."